ತೊಟ್ಟಿಲು ಒರೆಸುವ ಅಳತೆ

ಆಸ್ಪತ್ರೆಯಲ್ಲಿ ಎಲ್ಲರೂ ಅವಳನ್ನು ಸೋಪಮ್ಮ ಎಂದೇ ಕರೆಯುತ್ತಿದ್ದರು. ನನಗೆ ಅವಳು ಓರಗಿತ್ತಿ, ನನ್ನ ಮೈದುನನ ಹೆಂಡತಿ. ಇಬ್ಬರೂ ಒಂದೇ ಮನೆಗೆ ಸೊಸೆಯರಾಗಿ ಬಂದವರು, ಒಂದೇ ಹೆರಿಗೆ ಆಸ್ಪತ್ರೆಯಲ್ಲಿ ಕೆಲಸಕ್ಕೆ ಸೇರಿದವರು. ಅವಳಿಗೆ ಕೆಳಗಡೆ ಉಪಕರಣ ತೊಳೆಯುವ ಕೋಣೆ, ನನಗೆ ಮಹಡಿಯ ಮೇಲಿನ ಲ್ಯಾಬಿನಲ್ಲಿ ಗಾಜು ತೊಳೆಯುವ ಕೆಲಸ. ಇಬ್ಬರದೂ ತೊಳೆಯುವುದೇ ಆದರೂ ನಾನು ತೊಳೆದ ಗಾಜು ಸ್ವಚ್ಛವಾಗುತ್ತಿತ್ತು ಅಷ್ಟೆ. ಅವಳು ತೊಳೆದ ಕತ್ತರಿಯಲ್ಲಿ ಮುಖ ನೋಡಿಕೊಂಡು ಡಾಕ್ಟರು ತಲೆ ಬಾಚಿಕೊಳ್ಳಬಹುದಾಗಿತ್ತು.

ಅವಳು ತೀರಿಹೋಗಿ ಆರು ವರ್ಷವಾಯಿತು. ಈಗಲೂ ಅವಳನ್ನು ನೆನೆದರೆ ನನಗೆ ಮೊದಲು ಕಾಣುವುದು ಅವಳ ಕೈ. ಬೆರಳ ತುದಿಗಳು ಸದಾ ನೆನೆದು ಬಿಳಿಚಿಕೊಂಡು ಸುಕ್ಕುಗಟ್ಟಿರುತ್ತಿದ್ದವು. ಮೂವತ್ತರ ಹೆಂಗಸಿಗೆ ಎಂಬತ್ತರ ಬೆರಳು. ಅವಳು ಮೆಟ್ಟಿಲು ಹತ್ತಿ ಬರುವ ಮೊದಲೇ ಮದ್ದುನೀರಿನ ವಾಸನೆ ಬರುತ್ತಿತ್ತು. ಕ್ರಿಮಿ ಕೊಲ್ಲುವ ಆ ಕಂದು ದ್ರಾವಣಕ್ಕೆ ನಾವು ಕೆಲಸದವರು ಇಟ್ಟ ಹೆಸರು ಮದ್ದುನೀರು. ಅವಳ ಕೋಣೆಯ ಗೋಡೆಯ ಮೇಲೆ ಒಂದು ಹಾಳೆ ಅಂಟಿಸಿದ್ದರು: ನೆಲ ಒರೆಸಲು ಒಂದು ಬಕೆಟ್ಟಿಗೆ ಎಷ್ಟು, ಕತ್ತರಿ ಇಕ್ಕಳ ನೆನೆಸಲು ಎಷ್ಟು, ಮೇಜಿಗೆ ಎಷ್ಟು, ಎಲ್ಲಕ್ಕಿಂತ ಕೆಳಗೆ ಕೂಸುಗಳ ತೊಟ್ಟಿಲು ಒರೆಸಲು ಎಷ್ಟು. ತೊಟ್ಟಿಲಿಗೆ ಬಕೆಟ್ಟಿಗೆ ಒಂದು ಸಣ್ಣ ಚಮಚ. ಅವಳು ಓದಿದ್ದು ಎರಡನೇ ತರಗತಿ, ನಾನು ನಾಲ್ಕನೆಯದು. ಆ ಹಾಳೆ ಮಾತ್ರ ಅವಳಿಗೆ ಬಾಯಿಪಾಠ.

ಅವಳ ಗಂಡ ಲಾರಿ ಓಡಿಸುತ್ತಿದ್ದ. ಹನ್ನೆರಡು ದಿನಕ್ಕೊಮ್ಮೆ ಮನೆಗೆ ಬಂದು ಎರಡು ದಿನ ಇದ್ದು ಹೋಗುತ್ತಿದ್ದ. ನಮ್ಮದು ಸಾಲುಮನೆಯಲ್ಲಿ ಕೊನೆಯದು. ಒಂದು ಕೋಣೆ ನನಗೂ ನಮ್ಮವರಿಗೂ, ಒಂದು ಅವರಿಬ್ಬರಿಗೆ, ನಡುವಿನದರಲ್ಲಿ ಅತ್ತೆಯ ಮಂಚ. ಅವನು ಬರುವ ಹಿಂದಿನ ದಿನ ಅವಳು ಕಿಟಕಿಯ ಪರದೆ ಒಗೆಯುವಳು, ದಿಂಬು ಬಿಸಿಲಿಗೆ ಹಾಕುವಳು, ಅವನ ಚಪ್ಪಲಿಯ ಧೂಳನ್ನೂ ಒರೆಸಿಡುವಳು. ತಿರುವಿನಲ್ಲಿ ಅವನ ಹಾರನ್ನು, ಎರಡು ಗಿಡ್ಡ, ಒಂದು ಉದ್ದ, ಕೇಳಿದರೆ ಸಾಕು, ಸಾರು ತಿರುವುತ್ತಿದ್ದ ಸೌಟು ಅಲ್ಲೇ ನಿಲ್ಲುತ್ತಿತ್ತು. ಮುಖ ನೋಡಬೇಕಿತ್ತು ಆಗ ಅವಳದ್ದು.

ಆದರೆ ಅವನು ಉಂಡು ಮಲಗುವ ಹೊತ್ತಿಗೆ ಸರಿಯಾಗಿ ಇವಳು ದಿಂಬು ಎತ್ತಿಕೊಂಡು ಅತ್ತೆಯ ಮಂಚದ ಪಕ್ಕಕ್ಕೆ ಬಂದುಬಿಡುತ್ತಿದ್ದಳು. ಸೊಂಟ ನೋವು, ಬರೀ ನೆಲದ ಮೇಲೆ ಮಲಗಿದರೆ ಸರಿಹೋಗುತ್ತದೆ ಎಂಬ ನೆವ. ಎರಡು ವರ್ಷ ಹೀಗೇ ನಡೆಯಿತು.

"ಹನ್ನೆರಡು ದಿನ ನೆಟ್ಟಗಿರೋ ಸೊಂಟ, ಗಂಡ ಬಂದ ದಿನವೇ ಹೇಗೆ ಹಿಡ್ಕೊಳ್ಳುತ್ತೋ!" ಎಂದು ಅತ್ತೆ ಗೋಡೆಗೆ ಹೇಳುವಂತೆ ಹೇಳುತ್ತಿದ್ದರು. "ಸೊಂಟಕ್ಕೂ ಹಾರನ್ ಕೇಳಿಸುತ್ತೇನೋ."

ಅವಳು ಆ ಕಡೆ ತಿರುಗಿ ಹೊದಿಕೆ ಎಳೆದುಕೊಳ್ಳುತ್ತಿದ್ದಳು.

ಒಂದು ಬೆಳಿಗ್ಗೆ ನಾನು ಕೆಲಸಕ್ಕೆ ಹೊರಟಾಗ ಮೈದುನ ಹೊಸ್ತಿಲ ಮೇಲೆ ಕೂತು ಬೂಟಿನ ದಾರ ಕಟ್ಟುತ್ತಿದ್ದ. ಕಟ್ಟುವುದು, ಬಿಚ್ಚುವುದು, ಮತ್ತೆ ಕಟ್ಟುವುದು.

"ಅತ್ತಿಗೆ, ಬಂದರಿಗೆ ಹೋಗೋ ಲೈನು ಖಾಲಿಯಾಗಿದೆ. ಓನರ್ ನನ್ನ ಕೇಳ್ತಿದಾನೆ. ಮೂರು ವರ್ಷಕ್ಕೆ ಬರೆದುಕೊಡಬೇಕು. ನಾಲ್ಕು ತಿಂಗಳಿಗೊಮ್ಮೆ ಐದು ದಿನ ರಜೆ."

"ಒಪ್ಕೊಂಡ್ಯೇನಪ್ಪ?"

"ಇಲ್ಲ. ಮುಂದಿನ ಸಲ ಬಂದಾಗ ಹೇಳ್ತೀನಿ ಅಂದಿದೀನಿ. ಅವಳು ಒಂದೇ ಒಂದು ಸಲ ಬೇಡ ಅಂದ್ರೆ ನಾನು ಹೋಗಲ್ಲ."

"ಹಾಗಂತ ಅವಳನ್ನೇ ಕೇಳು."

"ಕೇಳ್ದೆ. ನಿಮ್ಮಿಷ್ಟ ಅಂದ್ಲು." ಎದ್ದು ನಿಂತ. "ಅವಳಿಗೆ ನಾನು ಬೇಡವಾಗಿದೀನಿ ಅತ್ತಿಗೆ. ಬಾಯಿಬಿಟ್ಟು ಹೇಳಕ್ಕೆ ಆಗ್ತಿಲ್ಲ, ಅಷ್ಟೆ. ದೂರ ಇದ್ದರೆ ಇಬ್ಬರಿಗೂ ಸುಲಭ."

ಆ ದಿನ ಮಧ್ಯಾಹ್ನ ಆಸ್ಪತ್ರೆಯ ಮಾಳಿಗೆಯ ಮೇಲೆ ಅವಳು ಚಾದರ ಒಣಹಾಕುತ್ತಿದ್ದಳು. ನಾನು ಹೋಗಿ ಇನ್ನೊಂದು ತುದಿ ಹಿಡಿದೆ.

"ಏನೇ, ನಿಮ್ಮಿಷ್ಟ ಅಂದ್ಯಂತೆ? ಅವನು ಬಂದರಿಗೆ ಹೋದ್ರೆ ವರ್ಷಕ್ಕೆ ಮೂರು ಸಲ ಮುಖ ತೋರಿಸ್ತಾನೆ. ನಿನಗೆ ಅಷ್ಟು ಬೇಡವಾದ್ನಾ?"

ಚಾದರ ತಂತಿಯ ಮೇಲೆ ಬಿತ್ತು. ಅವಳು ಅದರ ಆಚೆ ನಿಂತಳು. ನನಗೆ ಕಾಣುತ್ತಿದ್ದದ್ದು ಅವಳ ಪಾದ ಮಾತ್ರ. ಆ ಒದ್ದೆ ಬಟ್ಟೆಯ ಹಿಂದಿನಿಂದ ಮಾತು ಬಂತು. ಮುಖ ಕಾಣದೆ ಇದ್ದುದರಿಂದಲೇ ಬಂತೆಂದು ಕಾಣುತ್ತದೆ.

"ಬೇಡವಾಗೋದಾ ಅಕ್ಕ! ಅವರು ಹೋದ ದಿನ ಅವರ ದಿಂಬಿನ ಕವರ್ ನಾನು ಒಗೆಯಲ್ಲ, ಗೊತ್ತಾ ನಿಮಗೆ?"

"ಮತ್ತೆ?"

"ನನ್ನಲ್ಲಿ ಕೊಳೆ ಇದೆ ಅಕ್ಕ. ಒಳಗೆ. ಎರಡು ವರ್ಷದ ಹಿಂದೆ ತೆಳ್ಳಗೆ ನೀರಿನ ಹಾಗೆ ಬಿಳಿ ಹೋಗೋಕೆ ಶುರುವಾಯ್ತು. ವಾಸನೆ. ಒಂದಿನ ಇಬ್ಬರೂ ಜೊತೆಗಿದ್ವಿ. ಆಮೇಲೆ ಅವರು ಅರ್ಧ ನಿದ್ದೇಲಿ ಕೇಳಿದ್ರು, 'ಇವತ್ತು ಮೀನು ತಂದಿದ್ರಾ' ಅಂತ. ಅವತ್ತು ಮನೇಲಿ ಮೀನಿರಲಿಲ್ಲ ಅಕ್ಕ."

ನಾನು ಚಾದರದ ಸುಕ್ಕು ಎಳೆದು ಸರಿಮಾಡಿದೆ.

"ಅವತ್ತಿಂದ ತೊಳೀತಿದೀನಿ. ದಿನಾ ಎರಡು ಸಲ. ಅವರು ಬರೋ ದಿನ ಮೂರು ಸಲ."

"ಯಾವುದರಲ್ಲಿ ತೊಳೀತಿದೀಯ?"

"ಮದ್ದುನೀರು. ರಬ್ಬರ್ ಪಿಚಕಾರೀಲಿ, ಒಳಗೆ."

"ಅಯ್ಯೋ ನಿನ್ನ!"

"ಜೋರಾಗಿ ಅಲ್ಲ ಅಕ್ಕ," ಎಂದು ಚಾದರ ಸರಿಸಿ ಗಾಬರಿಯಿಂದ ಇಣುಕಿದಳು. "ನೆಲದ ಅಳತೆ ಅಲ್ಲ, ಕತ್ತರಿ ಅಳತೆಯೂ ಅಲ್ಲ. ತೊಟ್ಟಿಲು ಒರೆಸೋ ಅಳತೆ. ಈಗ ಹುಟ್ಟಿದ ಕೂಸು ಮಲಗೋ ಜಾಗಕ್ಕೆ ಆಗೋದು ನನಗಾಗಲ್ವಾ?"

ಇಂದು ಮುಚ್ಚಿಡದೆ ಬರೆಯುತ್ತೇನೆ: ಅವಳ ಮಾತು ನನಗೂ ಸರಿಯೆನಿಸಿತು. ಕ್ರಿಮಿ ಎಂದರೆ ಕೊಲ್ಲಬೇಕಾದದ್ದು ಎಂದೇ ನಮಗೆ ಆಸ್ಪತ್ರೆಯಲ್ಲಿ ಕಲಿಸಿದ್ದು. ನನಗೆ ಅರ್ಥವಾಗದೆ ಹೋದದ್ದು ಒಂದೇ. ಎರಡು ವರ್ಷ ತೊಳೆದರೂ ವಾಸನೆ ಹೆಚ್ಚುತ್ತಿದೆಯೇ ಹೊರತು ಹೋಗುತ್ತಿಲ್ಲವಲ್ಲ, ಯಾಕೆ?

ಮರುದಿನ ಲ್ಯಾಬಿನಲ್ಲಿ ತೊಟ್ಟಿಯ ಕಡೆ ತಿರುಗಿ, ಗಾಜಿನ ಪಟ್ಟಿ ಉಜ್ಜುತ್ತಲೇ ಮಾತು ತೆಗೆದೆ. ನಮ್ಮ ಲ್ಯಾಬ್ ಮೇಡಂ ಸಣ್ಣ ಆಳು. ಸೂಕ್ಷ್ಮದರ್ಶಕದ ಮುಂದೆ ಕೂರಲು ಕುರ್ಚಿಯ ಮೇಲೆ ಎರಡು ಹಳೆಯ ರಿಜಿಸ್ಟರ್ ಹಾಕಿಕೊಳ್ಳುತ್ತಿದ್ದರು.

"ಮೇಡಂ, ನಮ್ಮ ಬೀದಿಯ ಒಬ್ಬಳಿಗೆ…" ಎಂದು ಎಲ್ಲ ಹೇಳಿದೆ.

ಅವರು ಕಣ್ಣು ಎತ್ತದೆ ಕೇಳಿದರು. "ನಿಮ್ಮ ಬೀದಿಯವಳು ಕೆಳಗಡೆ ಕತ್ತರಿ ತೊಳೀತಾಳಾ?"

ಕೈಯಲ್ಲಿದ್ದ ಗಾಜು ಜಾರಿ ನೀರಿಗೆ ಬಿತ್ತು.

"ಹೆದರಬೇಡ. ಆ ಕೋಣೆಯಿಂದ ಇದಕ್ಕೇ ಬಂದವರಲ್ಲಿ ಇವಳು ನಾಲ್ಕನೆಯವಳು. ಒಬ್ಬಳಂತೂ ಕತ್ತರಿ ಅಳತೇಲಿ ತೊಳ್ಕೊಂಡು ಸುಟ್ಕೊಂಡಿದ್ಲು. ಆ ಹಾಳೆಯಲ್ಲಿ ಹೆಂಗಸಿನ ಮೈ ಅನ್ನೋ ಸಾಲೇ ಇಲ್ಲ ಅಂತ ಒಬ್ಬರಿಗೂ ಹೊಳೆಯಲ್ಲ. ಕರ್ಕೊಂಡು ಬಾ."

ಕರೆದುಕೊಂಡು ಹೋಗಲು ಒಂದು ವಾರ ಹಿಡಿಯಿತು. ಹೆಂಗಸರ ಡಾಕ್ಟರು ಪರದೆಯ ಹಿಂದೆ ನೋಡಿದರು, ಹತ್ತಿ ಸುತ್ತಿದ ಕಡ್ಡಿಯಲ್ಲಿ ಸ್ವಲ್ಪ ತೆಗೆದು ಗಾಜಿನ ಮೇಲೆ ಸವರಿದರು. ಮೇಡಂ ಅದಕ್ಕೆ ಬಣ್ಣ ಹಾಕಿ ಒಣಗಿಸಿ, ಬಾಗಿಲು ಮುಚ್ಚಿ, ನಮ್ಮಿಬ್ಬರನ್ನೂ ಹತ್ತಿರ ಕರೆದರು. ಅಷ್ಟು ವರ್ಷ ಆ ಗಾಜು ತೊಳೆದಿದ್ದೆ. ಅದರೊಳಗೆ ನೋಡಿದ್ದು ಅವತ್ತೇ ಮೊದಲು.

ಮೊದಲು ಬೇರೆ ಯಾರದ್ದೋ ಗಾಜು ಇಟ್ಟರು. ನೇರಳೆ ಬಣ್ಣದ ಕಡ್ಡಿಗಳು, ಬೆಂಕಿಪೆಟ್ಟಿಗೆ ಕೈತಪ್ಪಿ ಚೆಲ್ಲಿದ ಹಾಗೆ. ಎಲ್ಲವೂ ಒಂದೇ ತರಹ.

"ಅಬ್ಬಾ, ಎಷ್ಟು ಕ್ರಿಮಿ!" ಎಂದಳು ಸೋಪಮ್ಮ. "ಪಾಪ, ಇವರು ಬದುಕಿದಾರಾ?"

"ಕಲ್ಲುಗುಂಡಿನ ಹಾಗಿದಾರೆ. ಏನೂ ಕಾಯಿಲೆ ಇಲ್ಲ. ಈಗ ನಿನ್ನದು ನೋಡು."

ಎರಡನೆಯದರಲ್ಲಿ ಕಡ್ಡಿಗಳೇ ಇರಲಿಲ್ಲ. ಚುಕ್ಕಿ, ಅಲ್ಪವಿರಾಮದ ಹಾಗೆ ಬಾಗಿದವು, ಸಣ್ಣ ಸಣ್ಣ ನುಚ್ಚು, ಗುಲಾಬಿ, ನೇರಳೆ, ಏನೇನೋ. ನಡುವೆ ಅಗಲವಾದ ಒಂದು ತುಣುಕು. ಒದ್ದೆ ಕಾಲಿಗೆ ಮರಳು ಮೆತ್ತಿದ ಹಾಗೆ ಅದರ ಅಂಚೆಲ್ಲ ಮುಚ್ಚಿಹೋಗಿತ್ತು.

"ಇದು ನಿನ್ನ ಒಳಚರ್ಮದ ಕಣ. ಮೇಲೆ ಮೆತ್ತಿರೋದು ಬೇರೆ ಬೇರೆ ಬಗೆಯ ಬ್ಯಾಕ್ಟೀರಿಯಾ. ಹತ್ತಾರು ಬಗೆ."

ನಾನು ಬಾಯಿ ಹಾಕಿದೆ. "ಬಗೆ ಜಾಸ್ತಿ ಇದ್ರೆ ಒಳ್ಳೇದಲ್ವಾ ಮೇಡಂ? ಹೊಟ್ಟೇಲಿ ಹಾಗೇ ಅಂತ ನೀವೇ ಒಂದ್ಸಲ ಡಾಕ್ಟರಿಗೆ ಹೇಳ್ತಿದ್ರಿ."

"ಕಿವಿ ಇಲ್ಲೇ ಬಿಟ್ಟಿರ್ತೀಯ ನೀನು! ಹೊಟ್ಟೇಲಿ ಹೌದು, ಮಣ್ಣಲ್ಲೂ ಹೌದು. ಯೋನಿಯಲ್ಲಿ ಮಾತ್ರ ಉಲ್ಟಾ. ಅಲ್ಲಿ ಸಾಮಾನ್ಯವಾಗಿ ಆ ಕಡ್ಡಿಗಳದೇ ಯಜಮಾನಿಕೆ. ಹಾಲು ಹುಳಿಯಾಗುತ್ತಲ್ಲ, ಹಾಗೆ ಅವು ಜಾಗಾನ ಹುಳಿಯಾಗಿ ಇಟ್ಟಿರ್ತಾವೆ. ಆ ಹುಳಿಗೆ ಬೇರೆಯವು ತಲೆ ಎತ್ತಲ್ಲ. ಕಡ್ಡಿ ಹೋದ್ರೆ ಹುಳಿ ಹೋಯ್ತು. ಆಮೇಲೆ ಯಾರು ಬೇಕಾದ್ರೂ ಒಳಗೆ ಬರ್ತಾರೆ. ಅವರು ಸೇರ್ಕೊಂಡು ಮಾಡೋ ವಾಸನೆ ಅದು. ಕೊಳೆ ಅಲ್ಲ."

"ಕಡ್ಡೀನೆಲ್ಲ ನಾನೇ ಕೊಂದೆನಾ?"

"ಮೊದಲು ಯಾಕೆ ಹೋದವೋ ನನಗೂ ಗೊತ್ತಿಲ್ಲ. ಕಾರಣ ಸಿಗದೆಯೂ ಹೋಗ್ತಾವೆ. ಕೆಲವು ಹೆಂಗಸರಿಗೆ ಇಷ್ಟೇ ಬಗೆ ಇದ್ದೂ ಏನೂ ತೊಂದರೆ ಇರಲ್ಲ, ಅದೂ ಯಾಕೋ ನಮಗೆ ಪೂರ್ತಿ ಗೊತ್ತಿಲ್ಲ. ಆದ್ರೆ ಅವು ವಾಪಸ್ ಬರೋಣ ಅಂದಾಗೆಲ್ಲ ನೀನು ಅಟ್ಟಿದೀಯ. ದಿನಕ್ಕೆ ಎರಡು ಸಲ."

ಸೋಪಮ್ಮ ಮತ್ತೆ ಮೊದಲಿನ ಗಾಜು ಇಡಲು ಹೇಳಿದಳು. ಕಣ್ಣು ಅಂಟಿಸಿ ಬಹಳ ಹೊತ್ತು ನೋಡಿದಳು. ಊರು ಬಿಟ್ಟು ಹೋದವರ ಫೋಟೋ ನೋಡುವ ಹಾಗೆ.

ಡಾಕ್ಟರು ಏಳು ದಿನದ ಮಾತ್ರೆ ಕೊಟ್ಟರು. ಮದ್ದುನೀರು ಮುಟ್ಟುವ ಹಾಗಿಲ್ಲ, ಒಳಗೆ ಏನನ್ನೂ ಬಿಡುವ ಹಾಗಿಲ್ಲ, ಹೊರಗೆ ಬರೀ ನೀರು. ಮಾತ್ರೆ ಮುಗಿಯುವ ತನಕ ಗಂಡನ ಜೊತೆ ಸೇರುವುದು ಬೇಡ, ಅವನಿಗೂ ಹೇಳಿಬಿಡು ಎಂದರು.

ಮೆಟ್ಟಿಲಿಳಿಯುತ್ತ ಅವಳು, "ಏನಂತ ಹೇಳ್ಲಿ ಅಕ್ಕ? ಆ ಜಾಗಕ್ಕೆ ನನ್ನ ಬಾಯಲ್ಲಿ ಹೆಸರೇ ಇಲ್ಲ," ಎಂದಳು.

"ಮೇಡಂ ಹೇಳಿದ್ರಲ್ಲ, ಯೋನಿ ಅಂತ."

"ಅವರು ಹೇಳಿದ್ರೆ ಮೂಗು ಅಂದ ಹಾಗಿರುತ್ತೆ. ನಾನು ಹೇಳಿದ್ರೆ ಬೈಗುಳದ ಹಾಗಿರುತ್ತೆ."

ಹನ್ನೆರಡನೆಯ ದಿನ ನಾಲ್ಕನೆಯ ಮಾತ್ರೆಯ ದಿನವೇ ಬಿತ್ತು. ಅವನು ಬಂದ. ಇವಳು ಯಥಾಪ್ರಕಾರ ದಿಂಬು ಎತ್ತಿಕೊಂಡು ಬಂದಳು. ಈ ಸಲ ಡಾಕ್ಟರ ಮಾತಿಗೆ. ಬೆಳಿಗ್ಗೆ ಮೊದಲು ಹೇಳ್ತೀನಿ, ಖಂಡಿತ ಹೇಳ್ತೀನಿ ಎಂದು ನನ್ನ ಕಿವಿಯಲ್ಲಿ ಹೇಳಿದ್ದಳು.

ಬೆಳಿಗ್ಗೆ ನಡುಮನೆಯಲ್ಲಿ ಅವನು ಬೂಟು ಹಾಕಿ ತಯಾರಾಗಿ ನಿಂತಿದ್ದ. ಅತ್ತೆ ಮಂಚದ ಮೇಲೆ. ಇವಳು ಒಲೆಯ ಹತ್ತಿರ ಲೋಟ ಹಿಡಿದು ಆಗ ತಾನೇ ಮಾತ್ರೆ ಬಾಯಿಗೆ ಹಾಕಿಕೊಂಡಿದ್ದಳು. ಮಾತ್ರೆ ದಪ್ಪ, ಹಾಳು ಕಹಿ, ಅವಳಿಗೆ ಒಂದೇ ಗುಟುಕಿಗೆ ಯಾವತ್ತೂ ಇಳಿದದ್ದಿಲ್ಲ.

"ಓನರ್‌ಗೆ ಇವತ್ತು ಹೇಳಬೇಕು," ಎಂದ ಅವನು. "ಏನ್ ಹೇಳ್ಲಿ? ಹೋಗ್ಲಾ, ಬೇಡವಾ?"

ಅವಳ ಕೆನ್ನೆ ಉಬ್ಬಿತ್ತು. ಕಣ್ಣಲ್ಲಿ ನೀರು ಬಂತು. ಬಾಯಿ ತೆರೆದರೆ ಮಾತ್ರೆ ಅತ್ತೆಯ ಮುಂದೆ ಬೀಳುತ್ತದೆ, ಏನಿದು ಎಂಬ ಮಾತು ಏಳುತ್ತದೆ. ತಲೆಯಾದರೂ ಅಲ್ಲಾಡಿಸಬಹುದಿತ್ತು. ಗಂಟಲು ಹಿಡಿದುಕೊಂಡು ನಿಂತಳು.

"ಕೇಳ್ತಿದಾನಲ್ಲ, ಬಾಯಲ್ಲೇನು ಮುತ್ತು ಇಟ್ಕೊಂಡಿದೀಯಾ?" ಎಂದರು ಅತ್ತೆ.

ಅವನು ಸ್ವಲ್ಪ ಕಾದ. ಎಷ್ಟು ಕಾದನೆಂದು ಹೇಳಲಾರೆ. ಕುದಿಯುತ್ತಿದ್ದ ಹಾಲು ಮೇಲೆ ಬಂದು ನಾನು ಇಳಿಸುವಷ್ಟು. "ಸರಿ ಬಿಡು," ಎಂದು ಹೊರಟುಹೋದ.

ಮಾತ್ರೆ ಇಳಿದ ಮೇಲೆ ಅವಳು "ಬೇಡ" ಎಂದಳು. ಬಾಗಿಲಿಗೆ ಕೇಳಿಸಿತೇನೋ. ತಿರುವಿನವರೆಗೆ ಓಡಿ, ಬರಿಗಾಲಿನಲ್ಲಿ ನಿಂತು, ವಾಪಸ್ ಬಂದಳು. ಲಾರಿ ನಿಲ್ಲುವ ಯಾರ್ಡಿಗೆ ಹೋಗೋಣ ನಡಿ ಎಂದೆ. "ಹತ್ತು ಡ್ರೈವರ್‌ಗಳ ಮುಂದೆ ನಿಂತು ಏನಂತ ಕೂಗ್ಲಿ ಅಕ್ಕ?" ಎಂದಳು. ಅವನು ಅವತ್ತೇ ಸಹಿ ಹಾಕಿ, ಮನೆಗೆ ಬಾರದೆ ಅಲ್ಲಿಂದಲೇ ಬಂದರಿಗೆ ಹೊರಟ.

ಮಾತ್ರೆ ಮುಗಿದ ಮೂರನೇ ದಿನ ಅವಳು ಕೆಲಸದ ನಡುವೆ ಮಹಡಿ ಹತ್ತಿ ಬಂದು, "ಏನೂ ಇಲ್ಲ ಅಕ್ಕ, ವಾಸನೆ ಏನೂ ಇಲ್ಲ," ಎಂದು ಹೇಳಿ ಓಡಿಹೋದಳು. ಅವಳ ಮೈ ಹಗುರಾಗಿತ್ತು. ಅದನ್ನು ತೋರಿಸಬೇಕಾದವನು ಎಲ್ಲೋ ದೂರದ ರಸ್ತೆಯಲ್ಲಿದ್ದ.

ಕಷ್ಟವಾದದ್ದು ಮಾತ್ರೆಯಲ್ಲ, ಕೈ ಕಟ್ಟಿ ಕೂರುವುದು. ಸಂಜೆ ಕೆಲಸ ಬಿಡುವ ಹೊತ್ತಿಗೆ ಅವಳ ಕೈ ತನ್ನಷ್ಟಕ್ಕೆ ತಾನೇ ಮದ್ದುನೀರಿನ ಜಾಡಿಯ ಕಡೆ ಹೋಗುತ್ತಿತ್ತಂತೆ. ಪಿಚಕಾರಿಯನ್ನು ನನ್ನ ಕೈಗೆ ಕೊಟ್ಟಳು. ನಾನು ಅದನ್ನು ಆಸ್ಪತ್ರೆಯ ಕಸ ಸುಡುವ ಒಲೆಗೆ ಎಸೆದೆ. ಆದರೂ ಎರಡನೇ ತಿಂಗಳು ಆ ವಾಸನೆ ಮರಳಿ ಬಂತು. ಅವಳು ಹಿತ್ತಲಲ್ಲಿ ಕೂತು ಅತ್ತಳು. "ಈ ಸಲ ನಾನು ಏನೂ ಮಾಡಿಲ್ಲ ಅಕ್ಕ, ಆಣೆಗೂ ಮುಟ್ಟಿಲ್ಲ."

"ಮುಟ್ಟಿದೀಯ ಅಂತ ಯಾರೂ ಹೇಳಲಿಲ್ಲ," ಎಂದರು ಮೇಡಂ. "ಎಷ್ಟೋ ಜನಕ್ಕೆ ಮರಳಿ ಬರುತ್ತೆ. ಶಿಕ್ಷೆ ಅಲ್ಲ, ಇದರ ಗುಣವೇ ಹಾಗೆ. ಇನ್ನೊಂದು ಸಲ ತಗೋ."

ಮತ್ತೆ ಏಳು ದಿನ. ಆಮೇಲೆ ತೆಗೆದ ಗಾಜಿನಲ್ಲಿ ಅಲ್ಲೊಂದು ಇಲ್ಲೊಂದು ನೇರಳೆ ಕಡ್ಡಿ ಕಂಡಿತು. ಅವಳು ಬೆರಳು ಮಡಚಿ ಎಣಿಸಿದಳು. ಭಾನುವಾರ ಮಧ್ಯಾಹ್ನ ಮೂಲೆಯಂಗಡಿಯ ಫೋನಿಗೆ ಅವನು ಕರೆ ಮಾಡುತ್ತಿದ್ದ. ಅಂಗಡಿಯವನು ತಕ್ಕಡಿ ಒರೆಸುವ ನೆವದಲ್ಲಿ ಪಕ್ಕದಲ್ಲೇ ನಿಲ್ಲುತ್ತಿದ್ದ. ಊಟ ಆಯ್ತಾ, ಆಯ್ತು, ಅಮ್ಮ ಚೆನ್ನಾಗಿದಾರಾ, ಇದಾರೆ. ಅಷ್ಟರಲ್ಲಿ ಫೋನು ಕಟ್ಟಾಗುತ್ತಿತ್ತು. ಇಟ್ಟ ಮೇಲೂ ಸ್ವಲ್ಪ ಹೊತ್ತು ಅವಳು ಅದರ ಮೇಲಿಂದ ಕೈ ತೆಗೆಯುತ್ತಿರಲಿಲ್ಲ.

ನಾಲ್ಕು ತಿಂಗಳಾದ ಮೇಲೆ ಅವನು ಬರುವ ದಿನ ಅವಳು ಮನೆಯಲ್ಲಿ ಕಾಯಲಿಲ್ಲ. "ಅಕ್ಕ, ಯಾರ್ಡಿಗೆ ಬನ್ನಿ ನನ್ನ ಜೊತೆ. ಮನೇಲಿ ಅತ್ತೆ ಇರ್ತಾರೆ, ಅಂಗಡೀಲಿ ಅಂಗಡಿಯವನು ಇರ್ತಾನೆ. ಲಾರಿ ಹಿಂದೆ ಯಾರೂ ಇರಲ್ಲ," ಎಂದಳು.

ಹಳೆಯ ಟೈರುಗಳ ರಾಶಿಯ ಹತ್ತಿರ ನಾನು ನಿಂತೆ. ಅವನು ಲಾರಿಯಿಂದ ಇಳಿದವನು ಇವಳನ್ನು ನೋಡಿ ಹೆದರಿಬಿಟ್ಟ.

"ಅಮ್ಮನಿಗೆ ಏನಾದ್ರೂ ಆಯ್ತಾ?"

"ಏನೂ ಆಗಿಲ್ಲ. ರೀ, ನೀವು ಅವತ್ತು ಮೀನು ತಂದಿದ್ರಾ ಅಂತ ಕೇಳಿದ್ರಲ್ಲ…" ಎಂದು ಶುರುಮಾಡಿ, ನೆಲ ನೋಡುತ್ತ, ಒಂದೇ ಉಸಿರಿಗೆ ಎಲ್ಲ ಹೇಳಿದಳು. ಮೇಡಂ ಹೇಳಿದ ಆ ಪದವನ್ನೂ ಹೇಳಿದಳು. ಹೇಳುವಾಗ ಕಿವಿ ಕೆಂಪಾದದ್ದು ನನಗೆ ಅಲ್ಲಿಂದಲೇ ಕಂಡಿತು.

ಅವನು ಕ್ಯಾಪು ತೆಗೆದು ತಲೆ ಕೆರೆದುಕೊಂಡ. "ಮೀನಾ? ನಾನು ಯಾವಾಗ ಕೇಳ್ದೆ?"

"ಎರಡು ವರ್ಷದ ಮೇಲಾಯ್ತು."

"ನೆನಪೇ ಇಲ್ಲ ಕಣೇ. ಹಸಿದಿದ್ನೋ ಏನೋ." ನಗಲು ಹೋದವನು ಅವಳ ಮುಖ ನೋಡಿ ನಿಲ್ಲಿಸಿದ. "ಸೊಂಟ ನೋವು ಅಂದದ್ದೆಲ್ಲ ಇದಕ್ಕಾ?"

"ಹೂಂ."

"ನನ್ನ ಮೈಗೆ ಇಪ್ಪತ್ತನಾಲ್ಕು ಗಂಟೆ ಡೀಸೆಲ್ ವಾಸನೆ. ನೀನು ಯಾವತ್ತಾದ್ರೂ ಅದಕ್ಕೆ ಮುಖ ತಿರುಗಿಸಿದ್ಯಾ?"

"ಅದು ಬಂದ್ರೆ ತಾನೇ ನೀವು ಬಂದ್ರಿ ಅಂತ."

ಅವನು ಲಾರಿಯ ಚಕ್ರಕ್ಕೆ ಒರಗಿ ಕೂತುಬಿಟ್ಟ. "ಬರೆದುಕೊಟ್ಬಿಟ್ಟೆ ಕಣೇ. ಮೂರು ವರ್ಷ. ಬಿಡಲ್ಲ ಅವನು." ಅವಳು ಪಕ್ಕದಲ್ಲಿ ಕೂತಳು, ಎಣ್ಣೆ ಮೆತ್ತಿದ ನೆಲದ ಮೇಲೆ, ಒಗೆದ ಬಟ್ಟೆಯಲ್ಲೇ. ನಾನು ಬಸ್ಸು ಹಿಡಿದು ಒಬ್ಬಳೇ ಮನೆಗೆ ಬಂದೆ.

ಮರುದಿನ ಏಳು ಗಂಟೆಯಾದರೂ ಅವರ ಕೋಣೆಯ ಬಾಗಿಲು ಮುಚ್ಚಿತ್ತು. ನಲ್ಲಿಯಲ್ಲಿ ನೀರು ಬಂದು ಹೋಯಿತು. ಅತ್ತೆ ಎದ್ದು ಬಾಗಿಲು ತಟ್ಟಲು ಹೊರಟರು.

"ಇರಲಿ ಬಿಡಿ ಅತ್ತೆ."

"ಏನು ಇರಲಿ? ಕೆಲಸಕ್ಕೆ ಹೊತ್ತಾಗಲ್ವಾ? ಸೊಂಟ ಹೇಗಿದೆ ಕೇಳ್ತೀನಿ."

"ಸೊಂಟ ವಾಸಿಯಾಗಿದೆ," ಎಂದೆ. ಅತ್ತೆ ನನ್ನ ಮುಖ ನೋಡಿದರು, ಮುಚ್ಚಿದ ಬಾಗಿಲು ನೋಡಿದರು, ಹೋಗಿ ಮಂಚದ ಮೇಲೆ ಕೂತರು. ಅವತ್ತಿನ ಚಹಾ ಅವರೇ ಮಾಡಿದರು.

ಐದು ದಿನ ಐದು ಗಳಿಗೆಯ ಹಾಗೆ ಹೋಯಿತು. ಆರನೆಯ ದಿನ ಬೆಳಿಗ್ಗೆ ಅವನು ಹೊರಟ. ಲಾರಿ ತಿರುವು ದಾಟಿ ಸದ್ದು ಅಡಗಿದ ಮೇಲೂ ಅವಳು ಬೀದಿಯಲ್ಲೇ ನಿಂತಿದ್ದಳು. ನಾನು ಹೋಗಿ ಭುಜ ಮುಟ್ಟಿದೆ.

"ಒಳಗೆ ಬಾರೇ."

"ಮುಂಚೆ ಕಾಯೋದು ಸುಲಭ ಇತ್ತು ಅಕ್ಕ," ಎಂದಳು ಆ ಕಡೆಯೇ ನೋಡುತ್ತ. "ಬಂದ್ರೆ ಏನು ನೆವ ಹೇಳ್ಲಿ ಅನ್ನೋ ಭಯದಲ್ಲೇ ದಿನ ಕಳೀತಿತ್ತು. ಈಗ ಬರೀ ಕಾಯೋದು."

ಇನ್ನೂ ಎಂಟು ಸಲ ಅವನು ಹಾಗೆ ಬಂದುಹೋಗುವುದಿತ್ತು. ಅವಳು ನನ್ನ ಕೈ ಹಿಡಿದುಕೊಂಡಳು, ಆದರೆ ಒಳಗೆ ಬರಲಿಲ್ಲ. ಕೆಲಸಕ್ಕೆ ಹೋಗುವವರು ನಮ್ಮಿಬ್ಬರನ್ನೂ ಸುತ್ತುಹಾಕಿಕೊಂಡು ಹೋಗುತ್ತಿದ್ದರು.